ಸಭೆಯಲ್ಲಿ ಉತ್ಸಾಹ ಬತ್ತಿದಾಗ: ಬ್ಯಾಪ್ಟಿಸ್ಟ್ ಸಭೆಗಳಿಗೊಂದು ಮಾರ್ಗದರ್ಶಿ

"ನಮ್ಮ ಸಭೆಯಲ್ಲಿ ಮೊದಲಿನ ಉತ್ಸಾಹ ಇಲ್ಲ" ಎಂಬ ಮಾತು ಬಂದ ಕೂಡಲೇ ಹಲವು ಕಡೆ ಮೊದಲು ನಡೆಯುವುದು ಖರೀದಿ. ಹೊಸ ಕೀಬೋರ್ಡ್, ಎರಡು ದೊಡ್ಡ ಸ್ಪೀಕರ್, ಒಂದು ಪ್ರೊಜೆಕ್ಟರ್. ನಾಲ್ಕಾರು ಭಾನುವಾರ ಸದ್ದು ಜೋರಾಗಿರುತ್ತದೆ, ಆಮೇಲೆ ಮತ್ತೆ ಅದೇ ಸಪ್ಪೆ. ವೇದಿಕೆಯ ಮೇಲಿನ ಕೆಲಸ ಹೆಚ್ಚಿತು, ಬೆಂಚಿನ ಮೇಲೆ ಕುಳಿತವರ ಪಾಲು ಹೆಚ್ಚಲಿಲ್ಲ. ಕಾರಣ ಅಷ್ಟೇ.

ಬ್ಯಾಪ್ಟಿಸ್ಟ್ ಸಭೆಗೆ ಇದು ಬೇರೆಯವರಿಗಿಂತ ಹೆಚ್ಚು ಪೆಟ್ಟು ಕೊಡುತ್ತದೆ. 1609ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಜಾನ್ ಸ್ಮಿತ್, ಥಾಮಸ್ ಹೆಲ್ವಿಸ್ ಮತ್ತು ಅವರ ಜೊತೆಗಿದ್ದ ಇಂಗ್ಲಿಷ್ ವಲಸಿಗರ ಚಿಕ್ಕ ಗುಂಪು ಸಭೆ ಕಟ್ಟಿಕೊಂಡದ್ದೇ ಒಂದು ನಿಲುವಿನ ಮೇಲೆ: ಸ್ವಂತ ಬಾಯಿಂದ ನಂಬಿಕೆಯನ್ನು ಅರಿಕೆಮಾಡಿದವರು ಮಾತ್ರ ಸಭೆ, ಮತ್ತು ಆ ಸಭೆಯನ್ನು ನಡೆಸುವ ಹೊಣೆ ಅವರೆಲ್ಲರದೂ ಹೌದು. ಮೇಲೆ ಬಿಷಪ್ ಇಲ್ಲ, ನಿಗದಿತ ಪ್ರಾರ್ಥನಾ ಪುಸ್ತಕದ ಆಸರೆ ಇಲ್ಲ. ಸದಸ್ಯರು ಕೈಕಟ್ಟಿ ಕುಳಿತರೆ ಹಿಡಿದು ನಿಲ್ಲಿಸಲು ಬೇರೆ ಏನೂ ಉಳಿಯುವುದಿಲ್ಲ. ಪವಿತ್ರಾತ್ಮನ ಕೆಲಸವನ್ನು ಯಾರೂ ವೇಳಾಪಟ್ಟಿ ಹಾಕಿ ತರಲಾರರು. ಆದರೆ ಸದಸ್ಯರ ಬಾಯಿ, ಕೈ, ಮನಸ್ಸಿಗೆ ನಾವೇ ಹಾಕಿದ ಅಡ್ಡಿಗಳನ್ನು ತೆಗೆಯುವುದು ನಮ್ಮ ಕೈಯಲ್ಲಿದೆ. ಕೆಳಗಿನ ಹೆಜ್ಜೆಗಳೆಲ್ಲ ಆ ಅಡ್ಡಿಗಳ ಬಗ್ಗೆ.

ಮೊದಲು ನಾಲ್ಕು ಭಾನುವಾರ ಸುಮ್ಮನೆ ನೋಡಿ

ಏನನ್ನೂ ಬದಲಿಸುವ ಮುಂಚೆ, ನಂಬಿಕಸ್ಥರಾದ ಒಬ್ಬರು ಹಿಂದಿನ ಸಾಲಿನಲ್ಲಿ ಕುಳಿತು ಗಡಿಯಾರ ನೋಡಿಕೊಂಡು ಕೆಲವು ಸಂಗತಿಗಳನ್ನು ಬರೆದಿಟ್ಟುಕೊಳ್ಳಲಿ. ಒಟ್ಟು ಆರಾಧನೆಯಲ್ಲಿ ಸಭೆ ಬಾಯಿ ತೆರೆದದ್ದು, ಅಂದರೆ ಹಾಡಿದ್ದು, ವಾಕ್ಯ ಓದಿದ್ದು, ಪ್ರಾರ್ಥಿಸಿದ್ದು ಎಷ್ಟು ನಿಮಿಷ? ಸಭಾಪಾಲಕರು ಮತ್ತು ಹಾಡು ನಡೆಸುವವರನ್ನು ಬಿಟ್ಟು ಎಷ್ಟು ಜನರ ಧ್ವನಿ ಕೇಳಿತು? ಹಾಡುವಾಗ ಎಷ್ಟನೇ ಸಾಲಿನಿಂದ ಹಿಂದಕ್ಕೆ ತುಟಿ ಅಲುಗುತ್ತಿಲ್ಲ? ಪ್ರಕಟಣೆಗಳು ಎಷ್ಟು ಹೊತ್ತು ನುಂಗಿದವು? ಆಶೀರ್ವಾದವಾದ ಹತ್ತು ನಿಮಿಷದ ನಂತರ ಎಷ್ಟು ಮಂದಿ ಇನ್ನೂ ನಿಂತು ಮಾತಾಡುತ್ತಿದ್ದಾರೆ, ಅವರಲ್ಲಿ ಹೊಸಬರು ಇದ್ದಾರೆಯೇ?

ಕೊನೆಯ ಪ್ರಶ್ನೆಯೇ ಹೆಚ್ಚು ಹೇಳುತ್ತದೆ. ಒಬ್ಬರ ಮುಖ ಒಬ್ಬರು ನೋಡದೆ ಚಪ್ಪಲಿ ಹಾಕಿಕೊಂಡು ಹೊರಡುವ ಸಭೆಗೆ ಹಾಡಿನಲ್ಲಿ ಕಾವು ಬರುವುದು ಕಷ್ಟ. 90 ನಿಮಿಷದ ಆರಾಧನೆಯಲ್ಲಿ ಸಭೆಯ ಪಾಲು 20 ನಿಮಿಷಕ್ಕಿಂತ ಕಡಿಮೆ ಇದ್ದರೆ ಅಲ್ಲೇ ಕೈಹಾಕಬೇಕು ಎಂದು ತಿಳಿಯಿರಿ.

ಎತ್ತಿದ ಕೈಗಳನ್ನು, ಕಣ್ಣೀರನ್ನು, ಹಲ್ಲೆಲೂಯಾ ಕೂಗಿದವರನ್ನು ಮಾತ್ರ ಎಣಿಸಬೇಡಿ. ಸತ್ಯವೇದದ ಕಥೆಯಲ್ಲಿ ಕರ್ಮೆಲ್ ಬೆಟ್ಟದ ಮೇಲೆ ದಿನವಿಡೀ ಕೂಗಿ ಕುಣಿದವರು ಬಾಳ ಎಂಬ ದೇವತೆಯ ಪ್ರವಾದಿಗಳು, ಕರ್ತನ ಪ್ರವಾದಿ ಎಲೀಯನ ಪ್ರಾರ್ಥನೆ ಎರಡೇ ವಚನ. ಹಾಗೆಂದು ದಾವೀದನ ಕುಣಿತವೂ ಸುಳ್ಳಲ್ಲ. ಸದ್ದು ಇರುವಲ್ಲೂ ಇಲ್ಲದಲ್ಲೂ ಭಕ್ತಿ ಇರಬಹುದು, ಅದನ್ನು ಅಳೆಯುವ ಕೆಲಸ ನಮ್ಮದಲ್ಲ. ಈ ಟಿಪ್ಪಣಿ ಸಭಾಪಾಲಕರು ಮತ್ತು ಡೀಕನ್ನರ (ಸಭೆಯ ಸೇವೆಗೆ ಸದಸ್ಯರೇ ಆರಿಸಿದವರ) ನಡುವೆಯೇ ಇರಲಿ. ವಾಟ್ಸಾಪಿಗೆ ಹೋಯಿತೆಂದರೆ ದೂರಿನ ಪಟ್ಟಿಯಾಗುತ್ತದೆ.

ಪ್ರಾರ್ಥನಾಕೂಟದಿಂದ ಆರಂಭಿಸಿ

ಹಾಡಿನಿಂದ ಆರಂಭಿಸಬೇಕೆಂದು ಯುವಕರು ಹೇಳುತ್ತಾರೆ. ನಮ್ಮ ಅಭಿಪ್ರಾಯ ಬೇರೆ, ಅದಕ್ಕೆ ಬ್ಯಾಪ್ಟಿಸ್ಟರ ಚರಿತ್ರೆಯೇ ಆಧಾರ. 1784ರ ಜೂನ್‌ನಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ನಾರ್ಥಾಂಪ್ಟನ್‌ಶೈರ್ ಸಂಘದ ಬ್ಯಾಪ್ಟಿಸ್ಟ್ ಪಾಲಕರು ಸೇರಿದ್ದರು. ಸಭೆಗಳು ತಣ್ಣಗಾಗಿದ್ದ ಕಾಲ. ಆಲ್ನಿ ಎಂಬ ಊರಿನ ಪಾಲಕ ಜಾನ್ ಸಟ್‌ಕ್ಲಿಫ್ ಒಂದು ಸಣ್ಣ ಸಲಹೆ ಮುಂದಿಟ್ಟರು: ಪ್ರತಿ ತಿಂಗಳ ಮೊದಲ ಸೋಮವಾರ ಸಂಜೆ, ಒಂದೇ ಒಂದು ಗಂಟೆ, ಎಲ್ಲ ಸಭೆಗಳೂ ತಮ್ಮ ತಮ್ಮ ಊರಿನಲ್ಲಿ ಕೂಡಿ ಪ್ರಾರ್ಥಿಸಲಿ. ತಮ್ಮ ಸಭೆಗಾಗಿ ಮಾತ್ರವಲ್ಲ, ಬೇರೆ ಪಂಗಡಗಳ ಸಭೆಗಳಿಗಾಗಿ, ಲೋಕದ ಕೊನೆಯವರೆಗೆ ಸುವಾರ್ತೆ ಹರಡುವುದಕ್ಕಾಗಿ. ಅದು ವರ್ಷಗಟ್ಟಲೆ ನಡೆಯಿತು. 1792ರ ಅಕ್ಟೋಬರ್ 2ರಂದು ಕೆಟರಿಂಗ್‌ನ ಒಂದು ಮನೆಯಲ್ಲಿ ಬ್ಯಾಪ್ಟಿಸ್ಟ್ ಮಿಷನರಿ ಸೊಸೈಟಿ ಹುಟ್ಟಿತು. ಅಂದು ಕೊಡುತ್ತೇವೆಂದು ಬರೆದುಕೊಟ್ಟ ಹಣ 13 ಪೌಂಡ್ 2 ಶಿಲಿಂಗ್ 6 ಪೆನ್ಸ್. ಮರುವರ್ಷ ಆ ಸೊಸೈಟಿಯ ಮಿಷನರಿ ವಿಲಿಯಂ ಕೇರಿ ಬಂಗಾಳಕ್ಕೆ ಬಂದರು. ಅದೇ ಕೇರಿ 1817ರಲ್ಲಿ ಸೆರಾಂಪುರದಿಂದ ಕನ್ನಡ ವ್ಯಾಕರಣವನ್ನು ಅಚ್ಚುಮಾಡಿಸಿದರು. ತಿಂಗಳಿಗೆ ಒಂದು ಗಂಟೆ ಮೊಣಕಾಲೂರಿದ ಹಳ್ಳಿ ಸಭೆಗಳ ಪ್ರಾರ್ಥನೆ ಕನ್ನಡದ ಬಾಗಿಲವರೆಗೂ ಬಂದದ್ದು ಹೀಗೆ.

ಆ ಸಲಹೆಯ ಬಲ ಅದರ ಅಳತೆಯಲ್ಲಿತ್ತು: ನಿಶ್ಚಿತ ದಿನ, ನಿಶ್ಚಿತ ಗಂಟೆ, ತನ್ನ ಅಗತ್ಯಕ್ಕಿಂತ ದೊಡ್ಡ ಬೇಡಿಕೆ. ನಿಮ್ಮ ಕೂಟವನ್ನೂ ಹಾಗೆಯೇ ಕಟ್ಟಿ. ಒಂದು ಗಂಟೆಯನ್ನು ಹೀಗೆ ಹಂಚಬಹುದು. ಮೊದಲ 5 ನಿಮಿಷ ಒಂದು ಪಲ್ಲವಿ ಹಾಡಿ, ಒಂದು ಕೀರ್ತನೆಯ ಆರೆಂಟು ವಚನ ಓದಿ, ವಿವರಣೆ ಬೇಡ. ಮುಂದಿನ 10 ನಿಮಿಷದಲ್ಲಿ ಬೇಡಿಕೆಗಳನ್ನು ಓದಿಹೇಳಿ. ಇವನ್ನು ಮೊದಲೇ ಚೀಟಿಯಲ್ಲಿ ಬರೆದುಕೊಟ್ಟಿರಬೇಕು, ಅಲ್ಲಿ ಎದ್ದು ನಿಂತು ವಿವರಿಸುವಂತಿಲ್ಲ. ನಂತರದ 40 ನಿಮಿಷ ಪ್ರಾರ್ಥನೆ: ಅರ್ಧ ಭಾಗ ಮೂರು-ನಾಲ್ಕು ಜನರ ಗುಂಪುಗಳಲ್ಲಿ, ಅರ್ಧ ಭಾಗ ಎಲ್ಲರೂ ಒಟ್ಟಿಗೆ ಕುಳಿತು ಒಬ್ಬೊಬ್ಬರಾಗಿ. ಕೊನೆಯ 5 ನಿಮಿಷ ಸ್ತೋತ್ರಕ್ಕೆ. ಏಳಕ್ಕೆ ಆರಂಭವಾದರೆ ಎಂಟಕ್ಕೆ ಮುಗಿಯಲೇಬೇಕು. ಬಸ್ಸು ಹಿಡಿಯಬೇಕಾದವರು, ಮಕ್ಕಳಿಗೆ ಊಟ ಹಾಕಬೇಕಾದ ತಾಯಂದಿರು ಮುಂದಿನ ವಾರ ಬರುವುದು ನೀವು ಈ ವಾರ ಎಷ್ಟು ಗಂಟೆಗೆ ಬಿಟ್ಟಿರಿ ಎಂಬುದರ ಮೇಲೆ.

ಕೂಟ ಕೆಡುವ ಬಗೆಗಳು ಗೊತ್ತಿದ್ದವೇ. ಬೇಡಿಕೆ ಹೇಳುವುದರಲ್ಲೇ ಮುಕ್ಕಾಲು ಗಂಟೆ ಹೋಗುತ್ತದೆ. ಪ್ರತಿ ವಾರ ಅದೇ ಮೂವರು ಹಿರಿಯರು ಹತ್ತು ಹತ್ತು ನಿಮಿಷ ಪ್ರಾರ್ಥಿಸುತ್ತಾರೆ. ಹೊಸಬನಿಗೆ ತನ್ನ ಎರಡು ಮಾತು ಪ್ರಾರ್ಥನೆಯೇ ಅಲ್ಲ ಅನಿಸುತ್ತದೆ. ಇದಕ್ಕೆ ಮದ್ದು, "ಒಂದು ಬೇಡಿಕೆ, ಎರಡು ನಿಮಿಷ, ಬೇಕಾದರೆ ಮತ್ತೆ ಎರಡನೇ ಸಲ" ಎಂದು ಆರಂಭದಲ್ಲೇ ಎಲ್ಲರಿಗೂ ಹೇಳುವುದು; ಆ ಹಿರಿಯರನ್ನು ಮಾತ್ರ ಬೇರೆಯಾಗಿ, ಗೌರವದಿಂದ, ಚಿಕ್ಕ ಪ್ರಾರ್ಥನೆಯಿಂದ ದಾರಿ ತೋರಿಸಿರೆಂದು ಮೊದಲೇ ಕೇಳಿಕೊಳ್ಳುವುದು. ಇನ್ನೊಂದು ಕೇಡು, ಪ್ರಾರ್ಥನಾಕೂಟದೊಳಗೆ ಇನ್ನೊಂದು ಪ್ರಸಂಗ ನುಸುಳುವುದು. ಮತ್ತೊಂದು ಹೆಚ್ಚು ನೋವು ಕೊಡುವಂಥದ್ದು: ಒಬ್ಬರ ಕಾಯಿಲೆ, ಮನೆಯ ಜಗಳ, ಮಗಳ ಮದುವೆಯ ವಿಷಯ ಅವರ ಒಪ್ಪಿಗೆಯಿಲ್ಲದೆ "ಪ್ರಾರ್ಥನಾ ವಿಷಯ"ವಾಗಿ ಊರಿಗೆಲ್ಲ ತಿಳಿಯುವುದು. ಹೆಸರು ಹೇಳುವ ಮೊದಲು ಅವರನ್ನೇ ಕೇಳಿ. ಒಪ್ಪದಿದ್ದರೆ "ಒಬ್ಬ ಸಹೋದರಿಗಾಗಿ" ಎಂದರೆ ಸಾಕು, ದೇವರಿಗೆ ಹೆಸರು ಗೊತ್ತಿದೆ.

ಒಂದು ದಪ್ಪ ನೋಟ್‌ಬುಕ್ ಇಡಿ. ಎಡಪುಟದಲ್ಲಿ ತಾರೀಖು ಮತ್ತು ಬೇಡಿಕೆ, ಬಲಪುಟ ಖಾಲಿ. ಉತ್ತರ ಬಂದಾಗ ಬಲಪುಟದಲ್ಲಿ ತಾರೀಖು ಹಾಕಿ ಬರೆಯಿರಿ, "ಇಲ್ಲ" ಎಂಬ ಉತ್ತರ ಬಂದರೂ ಬರೆಯಿರಿ. ತಿಂಗಳ ಕೊನೆಯ ಭಾನುವಾರ ಆ ಪುಟಗಳಿಂದ ಎರಡು ಮೂರು ಸಂಗತಿಗಳನ್ನು ಆರಾಧನೆಯಲ್ಲಿ ಓದಿ. ಉತ್ಸಾಹ ತುಂಬಲು ಇದಕ್ಕಿಂತ ಸತ್ವವುಳ್ಳ ದಾರಿ ನಮಗೆ ಗೊತ್ತಿಲ್ಲ, ಏಕೆಂದರೆ ಅಲ್ಲಿ ಹೊಗಳಿಕೆಗೆ ಕಾರಣ ಕಣ್ಣೆದುರೇ ಇರುತ್ತದೆ.

ಸಭೆ ಹಾಡುವಂತೆ ಹಾಡಿಸುವುದು

ಸಭೆ ಹಾಡದಿರಲು ಭಕ್ತಿಯ ಕೊರತೆಯೇ ಕಾರಣ ಎಂದು ಬೈಯುವ ಮುಂಚೆ ಶ್ರುತಿ ನೋಡಿ. ಹಾಡು ನಡೆಸುವವರು ಒಳ್ಳೆಯ ಕಂಠದವರು, ಎತ್ತರದ ಸ್ವರ ಅವರಿಗೆ ಸಲೀಸು. ಅವರು ತಮ್ಮ ಕಂಠಕ್ಕೆ ಹೊಂದುವ ಸ್ಕೇಲ್ ಹಿಡಿಯುತ್ತಾರೆ, ಸಭೆ ಪಲ್ಲವಿಯವರೆಗೆ ಬಂದು ಚರಣದಲ್ಲಿ ಬಾಯಿ ಮುಚ್ಚುತ್ತದೆ. ಕೀಬೋರ್ಡಿನಲ್ಲಿ ಆ ರಾಗದ ಅತಿ ಎತ್ತರದ ಸ್ವರ ಯಾವುದೆಂದು ಹುಡುಕಿ. ನಡುವಿನ ಸಿ ಮನೆಯಿಂದ ಒಂದು ಸ್ಥಾಯಿ ಮೇಲಿನ ಸಿ, ಅದರ ಪಕ್ಕದ ಡಿ, ಇಷ್ಟು ಸಾಮಾನ್ಯ ಕಂಠಗಳ ಮಿತಿ. ಗಂಡಸರು ಅದನ್ನೇ ಒಂದು ಸ್ಥಾಯಿ ಕೆಳಗೆ ಹಾಡುತ್ತಾರೆ. ಅದನ್ನು ದಾಟಿದರೆ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಎರಡು ಮೂರು ಮನೆ ಕೆಳಗಿಳಿಸಿ. ಬೆಳಿಗ್ಗೆ ಏಳೂವರೆಯ ಆರಾಧನೆಯಾದರೆ ಇನ್ನೂ ಒಂದು ಮನೆ ಇಳಿಸಿ, ಆ ಹೊತ್ತಿಗೆ ಗಂಟಲು ಬಿಟ್ಟಿರುವುದಿಲ್ಲ.

ಎರಡನೆಯದು ಸದ್ದು. ಪಕ್ಕದವರ ಧ್ವನಿ ಕೇಳಿದರೆ ಮಾತ್ರ ಜನ ಹಾಡುತ್ತಾರೆ. ಹಾಡಿನ ನಡುವೆ ಸಭಾಂಗಣದ ಮಧ್ಯೆ ಹೋಗಿ ನಿಲ್ಲಿ. ಪಕ್ಕದ ಸಾಲಿನವರು ಹಾಡುವುದು ಕೇಳದೆ ಪ್ಯಾಡಿನ ಸದ್ದು ಮಾತ್ರ ಕೇಳಿದರೆ ವಾದ್ಯದ ಸದ್ದು ತಗ್ಗಿಸಿ, ಹಾಡುವವರ ಮೈಕನ್ನೂ ತಗ್ಗಿಸಿ. ಪ್ರತಿ ವಾರ ಒಂದು ಹಾಡಿನ ಕೊನೆಯ ಚರಣವನ್ನು ವಾದ್ಯವೇ ಇಲ್ಲದೆ, ಕೈತಾಳದೊಂದಿಗೋ ಅದೂ ಇಲ್ಲದೆಯೋ ಹಾಡಿಸಿ. ಮೊದಲ ಎರಡು ವಾರ ಸ್ವಲ್ಪ ಸಂಕೋಚವಾಗುತ್ತದೆ. ಬಿಡಬೇಡಿ. ತಮ್ಮದೇ ಧ್ವನಿ ಕೇಳಿಸಿಕೊಂಡ ಸಭೆ ಬೇರೆಯಾಗಿಯೇ ಹಾಡುತ್ತದೆ.

ಹೊಸ ಹಾಡು ತಿಂಗಳಿಗೆ ಒಂದು ಸಾಕು. ಮೊದಲ ವಾರ ಆರಾಧನೆಗೆ ಹತ್ತು ನಿಮಿಷ ಮುಂಚೆ ಬಂದವರಿಗೆ ಕಲಿಸಿ, ಆರಾಧನೆಯಲ್ಲಿ ಗುಂಪು ಮಾತ್ರ ಹಾಡಲಿ. ಎರಡನೇ ವಾರ ಸಭೆ ಪಲ್ಲವಿ ಹಾಡಲಿ. ಮೂರನೇ, ನಾಲ್ಕನೇ ವಾರ ಇಡೀ ಹಾಡು. ಪ್ರತಿ ವಾರ ಯೂಟ್ಯೂಬಿನಿಂದ ಹೊಸದೊಂದನ್ನು ತರುವ ಸಭೆಯಲ್ಲಿ ಜನ ಕೇಳುಗರಾಗುತ್ತಾರೆ. ಒಂದು ಆರಾಧನೆಗೆ ನಾಲ್ಕೈದು ಹಾಡು: ಅದರಲ್ಲಿ ಕನಿಷ್ಠ ಎರಡು ಅಜ್ಜಿಯರಿಗೂ ಬಾಯಿಪಾಠ ಬರುವ ಹಳೆಯ ಕೀರ್ತನೆಗಳು, ಒಂದು ಸಂಡೇ ಸ್ಕೂಲ್ ಮಕ್ಕಳಿಗೆ ಗೊತ್ತಿರುವಂಥದ್ದು. ಬೆಂಗಳೂರು, ಕೋಲಾರದ ಕಡೆ ಒಂದೇ ಸಭೆಯಲ್ಲಿ ಕನ್ನಡ, ತಮಿಳು, ತೆಲುಗು ಮನೆಮಾತಿನವರು ಕೂರುತ್ತಾರೆ. ಅಂಥಲ್ಲಿ ಪಲ್ಲವಿಯೊಂದನ್ನು ಇನ್ನೊಂದು ಭಾಷೆಯಲ್ಲಿ ಕನ್ನಡ ಲಿಪಿಯಲ್ಲೇ ಬರೆದು ಹಾಡಿಸಿದರೆ ಆ ಮನೆಗಳಿಗೆ ಅದೆಷ್ಟು ಸಂತೋಷವೋ. ಪರದೆಯ ಮೇಲೆ ಸಾಹಿತ್ಯ ಹಾಕುವುದಾದರೆ ಒಂದು ಸಲಕ್ಕೆ ನಾಲ್ಕು ಸಾಲಿಗಿಂತ ಹೆಚ್ಚು ಬೇಡ, ಹಿಂದಿನ ಚಿತ್ರಗಳೂ ಬೇಡ. ಕನ್ನಡದ ಒತ್ತಕ್ಷರ ದೂರದಿಂದ ಓದಲು ಜಾಗ ಬೇಕು.

ಬದಲಾವಣೆಗೆ ವಿರೋಧ ಬಂದರೆ ಗಾಬರಿಯಾಗಬೇಡಿ. ಆರಾಧನೆಯಲ್ಲಿ ಸಭೆ ಸೇರಿ ಹಾಡುವುದೇ ಒಮ್ಮೆ ಬ್ಯಾಪ್ಟಿಸ್ಟರಲ್ಲಿ ದೊಡ್ಡ ಜಗಳದ ವಿಷಯವಾಗಿತ್ತು. ಲಂಡನ್ನಿನ ಹಾರ್ಸ್‌ಲಿಡೌನ್ ಸಭೆಯ ಪಾಲಕ ಬೆಂಜಮಿನ್ ಕೀಚ್ 1670ರ ದಶಕದಲ್ಲಿ ಕರ್ತನ ಭೋಜನದ (ಕ್ರಿಸ್ತನನ್ನು ನೆನೆದು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಯ) ಕೊನೆಗೆ ಒಂದು ಹಾಡು ಎಂದು ಆರಂಭಿಸಿದರು. ಇಷ್ಟವಿಲ್ಲದವರು ಅಷ್ಟರಲ್ಲಿ ಹೊರಡಬಹುದಿತ್ತು. ಅದು ಪ್ರತಿ ಭಾನುವಾರದ ಆರಾಧನೆಗೆ ಬರುವ ಹೊತ್ತಿಗೆ 1691 ಆಗಿತ್ತು, ಆಗಲೂ ಕೆಲವರು ಸಭೆ ಬಿಟ್ಟರು. ಕೊನೆಯಲ್ಲಿಟ್ಟು, ಚಿಕ್ಕದಾಗಿಟ್ಟು, ಒಪ್ಪದವರಿಗೆ ಜಾಗ ಬಿಟ್ಟು ತರುವ ಆ ಕ್ರಮ ಇಂದಿಗೂ ಕೆಲಸಕ್ಕೆ ಬರುತ್ತದೆ.

ವಾಕ್ಯವನ್ನು ಓದುವವರು

ಆರಾಧನೆಯಲ್ಲಿ ಸತ್ಯವೇದ ವಾಚನ ಹಲವೆಡೆ ಪ್ರಸಂಗದ ಮುನ್ನ ಐದಾರು ವಚನಕ್ಕೆ ಇಳಿದಿದೆ. ಹಳೆಯ ಒಡಂಬಡಿಕೆಯಿಂದ ಒಂದು, ಕೀರ್ತನೆ ಒಂದು, ಹೊಸ ಒಡಂಬಡಿಕೆಯಿಂದ ಒಂದು, ಒಟ್ಟು 8ರಿಂದ 10 ನಿಮಿಷ ಕೊಡಿ. ಕೀರ್ತನೆಯನ್ನು ಒಂದು ವಚನ ನಡೆಸುವವರು, ಮುಂದಿನದು ಸಭೆ, ಹೀಗೆ ಓದಿ. ಉಳಿದೆರಡಕ್ಕೆ ಮೂರು ತಿಂಗಳ ಪಟ್ಟಿ ಹಾಕಿ: ಕಾಲೇಜು ಹುಡುಗಿ, ಆಟೋ ಓಡಿಸುವ ಸಹೋದರ, ನಿವೃತ್ತ ಮೇಷ್ಟ್ರು, ಯಾರೂ ಆಗಬಹುದು. ಭಾಗವನ್ನು ಒಂದು ವಾರ ಮುಂಚೆ ಕೊಟ್ಟು, ಮನೆಯಲ್ಲಿ ಮೂರು ಸಲ ಗಟ್ಟಿಯಾಗಿ ಓದಿಕೊಂಡು ಬರಲು ಹೇಳಿ. "ನೆಬೂಕದ್ನೆಚ್ಚರ"ನಂಥ ಹೆಸರುಗಳನ್ನು ಪೆನ್ಸಿಲಿನಲ್ಲಿ ತುಂಡು ಮಾಡಿಕೊಳ್ಳಲಿ. ಓದಲು ಬಾರದವರಿಗೆ ಒಂದು ಚಿಕ್ಕ ಕೀರ್ತನೆಯನ್ನು ಬಾಯಿಪಾಠ ಮಾಡಿಸಿ; 23ನೆಯದನ್ನು ಅಂಥ ಒಬ್ಬ ಅಜ್ಜಿಯ ಬಾಯಲ್ಲಿ ಕೇಳಿದ ಸಭೆ ಬೇಗ ಮರೆಯುವುದಿಲ್ಲ.

ಪ್ರಸಂಗದ ಬಗ್ಗೆ ಒಂದೇ ಮಾತು: 30-35 ನಿಮಿಷ, ಒಂದು ಭಾಗ, ಮತ್ತು ಮುಂದಿನ ವಾರದ ಭಾಗವನ್ನು ಈ ವಾರವೇ ಹೇಳಿಬಿಡಿ. ಓದಿಕೊಂಡು ಬಂದವನು ಕೇಳುವ ಬಗೆಯೇ ಬೇರೆ.

ದೀಕ್ಷಾಸ್ನಾನ: ಸಭೆಯ ದೊಡ್ಡ ದಿನ

ಬ್ಯಾಪ್ಟಿಸ್ಟ್ ಎಂಬ ಹೆಸರೇ ಇದರಿಂದ, ಅಂದರೆ ವಿಶ್ವಾಸಿಯನ್ನು ನೀರಿನಲ್ಲಿ ಮುಳುಗಿಸಿ ಎತ್ತುವ ಈ ವಿಧಿಯ ಇಂಗ್ಲಿಷ್ ಹೆಸರಿನಿಂದ ಬಂದಿದ್ದರೂ ಎಷ್ಟೋ ಸಭೆಗಳಲ್ಲಿ ದೀಕ್ಷಾಸ್ನಾನ ಭಾನುವಾರ ಮಧ್ಯಾಹ್ನ ನಾಲ್ಕಾರು ಜನರೆದುರು ಮುಗಿದುಹೋಗುವ ಕಾರ್ಯವಾಗಿದೆ. ಇದನ್ನು ಇಡೀ ಸಭೆಯ ಆರಾಧನೆಯ ನಡುವೆ ತನ್ನಿ. ಹಳೆಯ ವಿಶ್ವಾಸಿ ತನ್ನ ಮೊದಲ ಪ್ರೀತಿಯನ್ನು ನೆನೆಯುವುದು ಇನ್ನೊಬ್ಬರು ನೀರಿಗಿಳಿಯುವುದನ್ನು ಕಂಡಾಗ.

ಅವಸರ ಮಾತ್ರ ಬೇಡ. ಕೇರಿ ಬಂದು ಏಳು ವರ್ಷದ ಮೇಲೆ, 1800ರ ಡಿಸೆಂಬರ್ 28ರಂದು, ಅಲ್ಲಿನ ಮೊದಲ ಬಂಗಾಳಿ ವಿಶ್ವಾಸಿ ಕೃಷ್ಣ ಪಾಲ್ ಸೆರಾಂಪುರದಲ್ಲಿ ದೀಕ್ಷಾಸ್ನಾನಕ್ಕೆ ಹೂಗ್ಲಿ ನದಿಗಿಳಿದರು. ಆಂಧ್ರದ ಒಂಗೋಲಿನಲ್ಲಿ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೌ ಬರಗಾಲದ ವೇಳೆ ಬಕಿಂಗ್‌ಹ್ಯಾಮ್ ಕಾಲುವೆ ಅಗೆಯುವ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಡಿಸಿದರು. ಆ ಪರಿಹಾರದ ಕೆಲಸ ನಡೆಯುವಷ್ಟು ಕಾಲ ಒಬ್ಬರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಅನ್ನಕ್ಕಾಗಿ ಬಂದರು ಎಂಬ ಮಾತು ಬರಬಾರದೆಂಬ ಎಚ್ಚರ ಅದು. ಆಮೇಲೆ 1878ರ ಜುಲೈ 3ರ ಒಂದೇ ದಿನ 2,222 ಜನ ಗುಂಡ್ಲಕಮ್ಮ ನದಿಯಲ್ಲಿ ದೀಕ್ಷಾಸ್ನಾನ ಪಡೆದರು. ಕಾದದ್ದರಿಂದ ನಷ್ಟವಾಗಲಿಲ್ಲ. ನೀವೂ ಆರರಿಂದ ಎಂಟು ಪಾಠಗಳ ತಯಾರಿ ಇಡಿ. ಪ್ರತಿ ಅಭ್ಯರ್ಥಿಯ ಜೊತೆಗೆ ಪಾಲಕರಲ್ಲದ ಒಬ್ಬ ಸದಸ್ಯರು ನಡೆಯಲಿ. ಮತಾಂತರದ ಬಗ್ಗೆ ಕಾನೂನು ಒಂದೊಂದು ರಾಜ್ಯದಲ್ಲಿ ಒಂದೊಂದು ರೀತಿ ಇದೆ. ನಿಮ್ಮ ರಾಜ್ಯದ ನಿಯಮವನ್ನು ವಕೀಲರಿಂದ ತಿಳಿದುಕೊಂಡು ನಡೆಯಿರಿ. ಯಾರಿಗೂ ಯಾವ ಆಮಿಷವೂ ಒತ್ತಡವೂ ಇರಬಾರದು, ಇದಕ್ಕೆ ಕಾನೂನಿಗಿಂತ ಮೊದಲು ನಮ್ಮ ನಂಬಿಕೆಯೇ ಕಾರಣ.

ಸಾಕ್ಷಿಯನ್ನು ಅಭ್ಯರ್ಥಿ ತಾನೇ ಒಂದು ಪುಟ ಬರೆಯಲಿ. ಮೂರು ನಿಮಿಷ ಸಾಕು. ಮೊದಲು ಹೇಗಿದ್ದೆ, ಕ್ರಿಸ್ತನನ್ನು ಹೇಗೆ ಅರಿತೆ, ಈಗ ಏನು ಬದಲಾಗಿದೆ. ಹಳೆಯ ಪಾಪಗಳ ವಿವರ, ಮನೆಯವರ ಹೆಸರು, ಬೇರೆ ಧರ್ಮದ ನಿಂದೆ ಇದ್ದರೆ ತೆಗೆಸಿ. ಭಾಷೆಯನ್ನು ಮಾತ್ರ ತಿದ್ದಬೇಡಿ. ಪಾಲಕರ ಭಾಷೆಯಲ್ಲಿ ಬರೆದ ಸಾಕ್ಷಿ ಎಲ್ಲರದೂ ಒಂದೇ ಥರ ಕೇಳುತ್ತದೆ.

ನೀರಿನ ಲೆಕ್ಕ. ಆಳ 3ರಿಂದ 3.5 ಅಡಿ, ಅಂದರೆ ಸಾಮಾನ್ಯ ಎತ್ತರದವರ ಸೊಂಟದವರೆಗೆ. ಅದಕ್ಕಿಂತ ಕಡಿಮೆಯಾದರೆ ಮೈಭಾರವೆಲ್ಲ ಕೊಡುವವರ ಕೈಮೇಲೆ ಬೀಳುತ್ತದೆ, 4 ಅಡಿ ದಾಟಿದರೆ ಕಾಲು ತೇಲಿ ಅಭ್ಯರ್ಥಿ ಹೆದರುತ್ತಾರೆ. ತೊಟ್ಟಿ ಕಟ್ಟಿಸುವುದಾದರೆ ಉದ್ದ 8 ಅಡಿ, ಅಗಲ 4 ಅಡಿ ಇರಲಿ. ಉದ್ದ ಕಡಿಮೆಯಾದರೆ ತಲೆ ಅಂಚಿಗೆ ತಾಗುತ್ತದೆ. ಇಷ್ಟಕ್ಕೆ ಸುಮಾರು 3,000 ಲೀಟರ್ ನೀರು ಬೇಕು, ಹಿಂದಿನ ದಿನ ಸಂಜೆಯೇ ತುಂಬಿಸಿ. ಕೆರೆ, ಹೊಳೆಯಾದರೆ ಹಿಂದಿನ ದಿನ ಇಬ್ಬರು ಇಳಿದು ಕೆಸರು, ಗುಂಡಿ, ಸೆಳೆತ ನೋಡಿ ಬಿದಿರಿನ ಗೂಟ ನೆಟ್ಟು ಬರಲಿ. ಮಳೆಗಾಲದ ಹೊಳೆ ಬೇಡ.

ವಿದ್ಯುತ್ತಿನ ವಿಷಯದಲ್ಲಿ ಸಡಿಲಿಕೆ ಬೇಡವೇ ಬೇಡ. ನೀರಿನಲ್ಲಿ ನಿಂತವರು ಮೈಕ್ ಮುಟ್ಟಬಾರದು, ನೀರು ಕಾಯಿಸುವ ಹೀಟರಿನ ಪ್ಲಗ್ ಕಿತ್ತ ಮೇಲೆಯೇ ಯಾರಾದರೂ ಇಳಿಯಬೇಕು. 2005ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ವೇಕೊ ಪಟ್ಟಣದಲ್ಲಿ ದೀಕ್ಷಾಸ್ನಾನದ ತೊಟ್ಟಿಯಲ್ಲಿ ನಿಂತು ಮೈಕ್ ಹಿಡಿದ ಪಾಲಕರೊಬ್ಬರು ವಿದ್ಯುತ್ ತಗುಲಿ ತೀರಿಹೋದರು. ಸಾಕ್ಷಿಯನ್ನು ದಡದಲ್ಲಿ ನಿಂತು, ಒಣ ಬಟ್ಟೆಯಲ್ಲಿ, ಇಳಿಯುವ ಮುಂಚೆಯೇ ಹೇಳಿಸಿಬಿಡಿ.

ಬಟ್ಟೆ ಗಾಢ ಬಣ್ಣದ ದಪ್ಪ ಹತ್ತಿಯದು. ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಚೂಡಿದಾರ್ ಒಳ್ಳೆಯದು. ದುಪಟ್ಟಾಕ್ಕೆ ಪಿನ್ ಹಾಕಿ. ಮೇಲೆ ಬಂದ ಸಹೋದರಿಗೆ ಟವೆಲ್ ಹೊದಿಸಲು ಮೆಟ್ಟಿಲ ಬಳಿ ಇಬ್ಬರು ಹೆಂಗಸರು ನಿಂತಿರಲಿ. ಅಭ್ಯರ್ಥಿ ಸಭೆಗೆ ಪಕ್ಕ ತಿರುಗಿ ನಿಂತು ಕೈಗಳನ್ನು ಎದೆಯ ಮೇಲೆ ಜೋಡಿಸಲಿ, ಬೇಕಾದರೆ ಕರವಸ್ತ್ರದಿಂದ ಮೂಗು ಹಿಡಿಯಲಿ. ಕೊಡುವವರ ಒಂದು ಕೈ ಆ ಕೈಗಳ ಮೇಲೆ, ಇನ್ನೊಂದು ಕತ್ತಿನ ಹಿಂದೆ, ಕಾಲುಗಳು ಒಂದು ಮುಂದೆ ಒಂದು ಹಿಂದೆ. ಮೊಣಕಾಲು ಮಡಚಿ ಹಿಂದಕ್ಕೆ ಒರಗಲು ಹೇಳಿ. ನಿಧಾನ ಇಳಿಸಿ, ಮುಖ ಮುಳುಗಿದ ಕೂಡಲೇ ಎತ್ತಿ. ಹಿಂದಿನ ದಿನ ನೆಲದ ಮೇಲೆ ಒಮ್ಮೆ ಅಭ್ಯಾಸ ಮಾಡಿಸಿದರೆ ಅರ್ಧ ಹೆದರಿಕೆ ಹೋಗುತ್ತದೆ. ಫಿಟ್ಸ್, ಉಬ್ಬಸ, ಹೃದಯದ ತೊಂದರೆ ಇರುವವರನ್ನು ಮುಂಚೆಯೇ ಕೇಳಿ ತಿಳಿದುಕೊಂಡು, ವೈದ್ಯರ ಮಾತಿನಂತೆ ನಡೆದು, ಇನ್ನೊಬ್ಬ ಸಹಾಯಕರನ್ನು ನೀರಿನಲ್ಲಿ ನಿಲ್ಲಿಸಿ. ತೀರಾ ವಯಸ್ಸಾದವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹಿಂದಕ್ಕೆ ಬಾಗಿಸಬಹುದು. ಒಬ್ಬೊಬ್ಬರು ಮೇಲೆ ಬಂದಾಗಲೂ ಸಭೆ ಒಂದು ಪಲ್ಲವಿ ಹಾಡಲಿ. ನಡುವಿನ ಮೌನದಲ್ಲಿ ಜನ ಮೊಬೈಲ್ ತೆಗೆಯುತ್ತಾರೆ.

ಕರ್ತನ ಭೋಜನ

ಒಂದೂವರೆ ಗಂಟೆಯ ಆರಾಧನೆ ಮುಗಿದು, ಮಕ್ಕಳು ಅಳುತ್ತಿರುವಾಗ, ಏಳು ನಿಮಿಷದಲ್ಲಿ ರೊಟ್ಟಿ ಹಂಚಿ ಮುಗಿಸುವುದು ಎಲ್ಲಕ್ಕಿಂತ ದುಃಖದ ಸಂಗತಿ. ಭೋಜನವಿರುವ ಭಾನುವಾರ ಪ್ರಸಂಗವನ್ನು 20 ನಿಮಿಷಕ್ಕೆ ಇಳಿಸಿ, ಭೋಜನಕ್ಕೆ 25 ನಿಮಿಷ ಕೊಡಿ. ಒಂದು ವಾರ ಮುಂಚೆ ನೆನಪಿಸಿ: ಯಾರ ಜೊತೆಗಾದರೂ ಮಾತು ಬಿಟ್ಟಿದ್ದರೆ ಈ ವಾರದಲ್ಲಿ ಹೋಗಿ ಸರಿಮಾಡಿಕೊಂಡು ಬನ್ನಿ, ಮತ್ತಾಯ 5:23-24ರಂತೆ. ಈ ಒಂದು ಪ್ರಕಟಣೆ ಹತ್ತು ಉಜ್ಜೀವನ ಕೂಟಗಳಷ್ಟು ಕೆಲಸ ಮಾಡಬಲ್ಲದು.

ರೊಟ್ಟಿಗಾಗಿ ಇಬ್ಬರು ಸದಸ್ಯರು ಪ್ರಾರ್ಥಿಸಲಿ, ಪಾತ್ರೆಗಾಗಿ ಇನ್ನಿಬ್ಬರು. ಡೀಕನ್ನರ ಸರದಿ ಮಾತ್ರವೇ ಬೇಡ. ತಲೆಗೆ 10ರಿಂದ 15 ಮಿಲಿಲೀಟರ್ ಎಂದರೆ ನೂರು ಜನಕ್ಕೆ ಒಂದರಿಂದ ಒಂದೂವರೆ ಲೀಟರ್ ದ್ರಾಕ್ಷಾರಸ. ಎರಡೂವರೆಯಿಂದ ಮೂರು ಕಿಲೋ ಕಪ್ಪು ದ್ರಾಕ್ಷಿ ತೊಳೆದು, ಸ್ವಲ್ಪ ನೀರಿನಲ್ಲಿ ಬೇಯಿಸಿ, ಹಿಸುಕಿ, ಬಟ್ಟೆಯಲ್ಲಿ ಸೋಸಿ, ಹಿಂದಿನ ದಿನವೇ ಫ್ರಿಜ್ಜಿನಲ್ಲಿಡಿ. ಈ ಕೆಲಸವನ್ನು ಪ್ರತಿ ತಿಂಗಳು ಒಂದೊಂದು ಮನೆಗೆ ಕೊಡಿ. ಹಂಚುವಾಗ ಕೀಬೋರ್ಡ್ ನಿರಂತರ ನುಡಿಯುವುದು ಬೇಡ. ಎರಡು ನಿಮಿಷ ಪೂರ್ಣ ಮೌನ ಇರಲಿ. ಕೊನೆಗೆ ಕರ್ತನೂ ಶಿಷ್ಯರೂ ಮಾಡಿದಂತೆ ಹಾಡಿ ಹೊರಡಿ, ಆ ಹಾಡು ದೊಡ್ಡ ಕಂಠದ್ದೇ ಆಗಲಿ.

ಸದಸ್ಯರ ಸಭೆ ಮತ್ತು ಕಾಣಿಕೆ

ಸದಸ್ಯರ ಸಭೆಯನ್ನು ಆತ್ಮಿಕ ಜೀವನಕ್ಕೆ ಸಂಬಂಧವಿಲ್ಲದ ಲೆಕ್ಕಪತ್ರದ ಕೆಲಸ ಎಂದು ಭಾವಿಸಿದಲ್ಲಿ ಬ್ಯಾಪ್ಟಿಸ್ಟ್ ಸಭೆಯ ಅರ್ಧ ಜೀವ ಹೋಗಿರುತ್ತದೆ. ಜಗಳ ಬಂದಾಗ, ಹಣ ಕಡಿಮೆಯಾದಾಗ ಮಾತ್ರ ಕರೆದರೆ ಜನ ಸಭೆ ಎಂದ ಕೂಡಲೇ ಮುಖ ಸಿಂಡರಿಸುತ್ತಾರೆ. ಮೂರು ತಿಂಗಳಿಗೊಮ್ಮೆ, ಆರಾಧನೆಯಾದ ಮೇಲೆ ಎಲ್ಲರೂ ಸೇರಿ ಊಟ ಮಾಡಿ, ಒಂದೂವರೆ ಗಂಟೆ ಕೂಡಿ. ವಿಷಯಪಟ್ಟಿ ಒಂದು ವಾರ ಮುಂಚೆ ಗೋಡೆಗೆ ಅಂಟಿಸಿ. ಲೆಕ್ಕ ಒಂದೇ ಪುಟ: ಬಂದದ್ದು, ಹೋದದ್ದು, ಉಳಿದದ್ದು; ಬ್ಯಾಂಕ್ ಪಾಸ್‌ಬುಕ್ ಮೇಜಿನ ಮೇಲಿರಲಿ. ಮೊದಲ ಅರ್ಧಗಂಟೆ ಹಣಕ್ಕಲ್ಲ. ಹೊಸ ಸದಸ್ಯರ ಸಾಕ್ಷಿ, ಪ್ರಾರ್ಥನಾ ನೋಟ್‌ಬುಕ್ಕಿನ ಉತ್ತರಗಳು, ಬಾರದೆ ಹೋದವರನ್ನು ಯಾರು ನೋಡಲು ಹೋಗುತ್ತಾರೆಂಬ ಹಂಚಿಕೆ, ಇವು ಮೊದಲು.

ದೊಡ್ಡ ನಿರ್ಧಾರವಿದ್ದರೆ ಚರ್ಚೆ ಒಂದು ಸಭೆಯಲ್ಲಿ, ಕೈ ಎತ್ತುವುದು ಮುಂದಿನದರಲ್ಲಿ. ನಡುವೆ ಪ್ರಾರ್ಥನೆಗೂ ಸಿಟ್ಟು ಇಳಿಯಲೂ ಹೊತ್ತು ಸಿಗುತ್ತದೆ. ಹೆಂಗಸರು, ಯುವಕರು ಮಾತಾಡುವುದಿಲ್ಲ ಎನ್ನುವಿರಾದರೆ ಮೊದಲು ಅವರನ್ನೇ ಹೆಸರು ಹಿಡಿದು ಕೇಳಿ, ಹಿರಿಯರು ಕೊನೆಗೆ ಮಾತಾಡಲಿ.

ಮಿಜೋರಾಮಿನ ಬ್ಯಾಪ್ಟಿಸ್ಟ್ ಮನೆಗಳಲ್ಲಿ ಅಡುಗೆಗೆ ಅಕ್ಕಿ ತೆಗೆಯುವಾಗಲೆಲ್ಲ ಒಂದು ಹಿಡಿ ಬೇರೆಯಿಟ್ಟು ಸಭೆಗೆ ಕೊಡುವ ರೂಢಿ ಇದೆ. ಸಂಬಳವಿಲ್ಲದ ಗೃಹಿಣಿಗೂ ಅದರಲ್ಲಿ ಪೂರ್ತಿ ಪಾಲಿದೆ. ನಿಮ್ಮಲ್ಲೂ ಆರಂಭಿಸಬೇಕೆಂದಿದ್ದರೆ ಮನೆಗೊಂದು ಮುಚ್ಚಳದ ಡಬ್ಬ ಕೊಡಿ, ತಿಂಗಳ ಮೊದಲ ಭಾನುವಾರ ತರಲಿ, ಆ ಅಕ್ಕಿ ಅಥವಾ ರಾಗಿ ಎಲ್ಲಿಗೆ ಹೋಗುತ್ತದೆಂದು ಹೆಸರಿಟ್ಟು ಹೇಳಿ. ಎಲ್ಲಿಗೆ ಹೋಯಿತೆಂದು ತಿಳಿಯದಿದ್ದರೆ ಆರು ತಿಂಗಳಲ್ಲಿ ಡಬ್ಬಗಳು ಅಡುಗೆಮನೆಯ ಬೇರೆ ಕೆಲಸಕ್ಕೆ ಸೇರುತ್ತವೆ.

ಎಲ್ಲವೂ ಒಮ್ಮೆಗೇ ಬೇಡ

ನೋಡಿದ ತಿಂಗಳ ನಂತರ ಮೂರು ತಿಂಗಳು ಪ್ರಾರ್ಥನಾಕೂಟ ಮಾತ್ರ. ಅದು ಕಾಲೂರಿದ ಮೇಲೆ ಶ್ರುತಿ, ಸದ್ದು ಮತ್ತು ವಾಕ್ಯವಾಚನದ ಪಟ್ಟಿ. ಆಮೇಲೆ ಭೋಜನದ ಕ್ರಮ, ಸದಸ್ಯರ ಸಭೆ. ದೀಕ್ಷಾಸ್ನಾನ ಅಭ್ಯರ್ಥಿಗಳು ತಯಾರಾದಾಗ. ಎಲ್ಲವನ್ನೂ ಒಂದೇ ತಿಂಗಳಲ್ಲಿ ತಂದರೆ ಯಾವುದು ಉಪಕಾರವಾಯಿತು, ಯಾವುದು ಕೆಡಿಸಿತು ಎಂದು ತಿಳಿಯುವುದಿಲ್ಲ, ಮತ್ತು ಅಷ್ಟೂ ಕೆಲಸ ಪಾಲಕರ ಹೆಗಲಿಗೇ ಬೀಳುತ್ತದೆ.

ಪಾಲಕರ ಬಗ್ಗೆ ಯೋಚಿಸದೆ ಸಭೆಯ ಬತ್ತುವಿಕೆಯ ಬಗ್ಗೆ ಯೋಚಿಸಲಾಗದು. ಭಾನುವಾರ ಎರಡು ಪ್ರಸಂಗ, ವಾರದಲ್ಲಿ ಮೂರು ಮನೆಕೂಟ, ಆಸ್ಪತ್ರೆ, ಸಾವಿನ ಮನೆ; ಇಷ್ಟಾದ ಮೇಲೆ ಅವರ ಮಾತಿನಲ್ಲಿ ಕಾವು ಉಳಿಯಬೇಕೆಂದು ಬಯಸುವುದು ನ್ಯಾಯವಲ್ಲ. ಆರಾಧನೆಗೆ ಕಾಲು ಗಂಟೆ ಮುಂಚೆ ಡೀಕನ್ನರು ಅವರ ಜೊತೆ ಕುಳಿತು ಅವರಿಗಾಗಿಯೇ ಪ್ರಾರ್ಥಿಸಲಿ. ಆ ಹೊತ್ತಿನಲ್ಲಿ ಕುರ್ಚಿ, ಕರೆಂಟು, ಪ್ರಕಟಣೆಯ ಮಾತು ಬೇಡ. ವಾರದಲ್ಲಿ ಒಂದು ದಿನ ಯಾರೂ ಫೋನ್ ಮಾಡಬಾರದೆಂದು ಸಭೆಗೆ ತಿಳಿಸಿ, ಆ ದಿನದ ತುರ್ತು ಕರೆಗಳಿಗೆ ಒಬ್ಬ ಡೀಕನ್ನರ ನಂಬರ್ ಕೊಡಿ. ಮೂರು ತಿಂಗಳಿಗೊಂದು ಭಾನುವಾರ ಆರಾಧನೆಯನ್ನು ಸದಸ್ಯರೇ ನಡೆಸಲಿ, ಪಾಲಕರು ಹೆಂಡತಿ ಮಕ್ಕಳ ಜೊತೆ ಬೆಂಚಿನಲ್ಲಿ ಕುಳಿತು ಹಾಡಲಿ. ಆ ತಾರೀಖನ್ನು ಎರಡು ತಿಂಗಳು ಮುಂಚೆಯೇ ಅವರಿಗೆ ಹೇಳಿ, ಆ ವಾರ ಬೇರೆ ಊರಿನ ಸಭೆಗೆ ಬಂದು ಪ್ರಸಂಗ ಮಾಡಿರೆಂಬ ಆಹ್ವಾನ ಒಪ್ಪಿಕೊಳ್ಳಬೇಡಿರೆಂದು ಕೇಳಿಕೊಳ್ಳಿ.